ಈಶಪ್ಪ ವಕೀಲರು ಸೋತ ಮೊಕದ್ದಮೆ

ಈಶಪ್ಪ ವಕೀಲರ ಜೊತೆ ನಡೆಯುವುದೆಂದರೆ ಅರ್ಧ ದಾರಿ ನಡೆಯುವುದು, ಅರ್ಧ ದಾರಿ ನಿಲ್ಲುವುದು. ಕೊಪ್ಪಳದ ಕೋಟೆಯ ಬುಡದ ಓಣಿಯಿಂದ ಅದಾಲತ್ತಿಗೆ ಹೊರಟರೆಂದರೆ ನಾಲ್ಕು ಹೆಜ್ಜೆ ಬಿರಬಿರನೆ ಹಾಕಿ, ಯಾರೋ ಹಿಂದಿನಿಂದ ಕೂಗಿದಂತೆ ಗಕ್ಕನೆ ನಿಂತುಬಿಡುವರು. ತಲೆಯನ್ನು ಎಡಕ್ಕೆ ವಾಲಿಸಿ, ಕಣ್ಣಿಗೆ ಕಾಣದ ಎದುರು ವಕೀಲನ ವಾದವನ್ನು ಸಾವಧಾನವಾಗಿ ಕೇಳಿಸಿಕೊಂಡು, ಮನಸ್ಸಿನಲ್ಲೇ ಅದಕ್ಕೆ ಉತ್ತರ ಹೇಳಿ, ಆ ಉತ್ತರ ತಮಗೇ ಒಪ್ಪಿಗೆಯಾದ ಮೇಲೆ ಮತ್ತೆ ಹೆಜ್ಜೆ ಎತ್ತುವರು. ಒಪ್ಪಿಗೆಯಾಗದಿದ್ದರೆ ಅಲ್ಲೇ ನಿಂತಿರುವರು. ಸಂತೆಗೆ ಹೊರಟ ಬಂಡಿಗಳು ಅವರನ್ನು ಸುತ್ತಿಕೊಂಡು ಹೋಗುತ್ತಿದ್ದವು. "ವಕೀಲರದು ಪೇಶಿ ನಡದೈತಿ, ಬಾಜೂಕ ಹೊಡಿಯೋ ಎತ್ತ" ಎಂದು, ಅಲ್ಲೇ ಅದಾಲತ್ತಿನ ವಿಚಾರಣೆ ನಡೆದಿದೆ ಎಂಬಂತೆ, ಬಂಡಿಯವರು ತಮ್ಮತಮ್ಮೊಳಗೆ ನಗುತ್ತಿದ್ದರು.

ಉಡುಪಿನ ಮಾತು ಹೇಳುವುದಾದರೆ, ನಿಜಾಮಶಾಹಿಯ ರಿವಾಜಿಗೆ ತಕ್ಕಂತೆ ಮೊಣಕಾಲು ಮುಟ್ಟುವ ಕರಿಯ ಶೇರವಾನಿ, ತಲೆಗೆ ಗೊಂಡೆಯ ಕೆಂಪು ರೂಮಿ ಟೊಪಿಗೆ, ಹಣೆಗೆ ಮೂರು ಬೆರಳಿನ ವಿಭೂತಿ. ಕೊಪ್ಪಳದ ಬಂಡೆಗಳು ಕಾದು ಹೊತ್ತುವ ಚೈತ್ರ ವೈಶಾಖದಲ್ಲೂ ಗಂಟಲ ಗುಂಡಿಯನ್ನು ಬಿಚ್ಚಿದವರಲ್ಲ. ಶೇರವಾನಿಯ ಮೊಣಕೈ ಹರಿದಾಗ ಹೆಂಡತಿ ಶಂಕ್ರಮ್ಮ ಕರಿಯ ತುಂಡು ಸಿಗಲಿಲ್ಲವೆಂದು ನೀಲಿ ಇಳಕಲ್ ಸೀರೆಯ ತುಂಡಿನ ತೇಪೆ ಹಚ್ಚಿದ್ದಳು. ವಾದದ ರಭಸದಲ್ಲಿ ವಕೀಲರು ಕೈ ಎತ್ತಿದಾಗೆಲ್ಲ ಆ ನೀಲಿ ಕಾಣುತ್ತಿತ್ತು, ಕಚೇರಿಯ ಜನ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು, ಅವರಿಗೆ ಮಾತ್ರ ಅದರ ಪರಿವೆ ಇರುತ್ತಿರಲಿಲ್ಲ. ಹೈದರಾಬಾದಿನಲ್ಲಿದ್ದು ಕಾನೂನು ಓದಿ ಬಂದವರು. ಉರ್ದು ವ್ಯಾಕರಣಶುದ್ಧ, ರಾಗ ಮಾತ್ರ ಅಪ್ಪಟ ಹುಟ್ಟೂರು ಯಲಬುರ್ಗಿಯದು. ಅವರ ಉರ್ದು ಕೇಳಿದರೆ ಜೋಳದ ರೊಟ್ಟಿಗೆ ಅತ್ತರು ಸವರಿದ ಹಾಗಿರುತ್ತದೆಂದು ಗುಮಾಸ್ತ ನೂರಸಾಬ ಎದುರಿಗೇ ಹೇಳುತ್ತಿದ್ದ, ಅವರು ಎದುರಿಗೇ ನಗುತ್ತಿದ್ದರು.

ಇಂಥ ಸಾಧು ಮನುಷ್ಯನಲ್ಲಿ ಒಂದು ಹಟ ಮಾತ್ರ ಕಗ್ಗಲ್ಲಿನಷ್ಟು ಗಟ್ಟಿಯಾಗಿತ್ತು. ಪಕ್ಷಗಾರ ಒಪ್ಪದ ಒಂದು ಮಾತನ್ನೂ ಅವರು ಅದಾಲತ್ತಿನಲ್ಲಿ ಆಡುತ್ತಿರಲಿಲ್ಲ. ಉಳಿದ ವಕೀಲರು ಪಕ್ಷಗಾರನ ಬಾಯಿ ಕಟ್ಟಿ ತಮ್ಮ ಬಾಯಿ ಬಿಡುವವರು. ಗೆದ್ದ ಮೇಲೆ ಅವನಿಗೆ ಸುದ್ದಿ ತಿಳಿಸಿದರೆ ಅದೇ ಹೆಚ್ಚು. ಈಶಪ್ಪನವರದು ತಿರುವುಮುರುವು. "ಮೊಕದ್ದಮಿ ಅವರದು. ನಾವು ಬಾಡಿಗಿ ಎತ್ತು. ಯಾವ ಹೊಲ ಹರಗಬೇಕಂತ ಎತ್ತು ಹೇಳಬಾರದು" ಎಂಬುದು ಅವರ ಮಾತು.

ಕುಷ್ಟಗಿ ಕಡೆಯ ದೇವೇಂದ್ರಪ್ಪನೆಂಬ ಒಕ್ಕಲಿಗನ ಹೊಲದೊಳಕ್ಕೆ ಅವನ ತಮ್ಮ ಗಡಿಯ ಬಾಂದಗಲ್ಲು ಸರಿಸಿದ್ದ. ಒಂದು ಇಡೀ ಮಳೆಗಾಲ ಕೂತು ಈಶಪ್ಪನವರು ಹಳೆಯ ತೀರ್ಪುಗಳನ್ನೆಲ್ಲ ಜಾಲಾಡಿಸಿ, ಸೂಜಿ ತೂರದಂಥ ವಾದವನ್ನು ಹೆಣೆದಿಟ್ಟಿದ್ದರು. ಪೇಶಿಯ ಮುಂಜಾನೆ ದೇವೇಂದ್ರಪ್ಪ ಬಂದು, "ನಿನ್ನಿ ತಮ್ಮ ಮನಿಗೆ ಬಂದು ಉಂಡು ಹೋದನ್ರಿ. ಕೇಸು ಬ್ಯಾಡ್ರಿ" ಅಂದ. ಮತ್ತೊಬ್ಬರಾಗಿದ್ದರೆ ಟೊಪಿಗೆ ತೆಗೆದು ನೆಲಕ್ಕೆ ಬಡಿಯುತ್ತಿದ್ದರು. ಇವರು ಹೋಗಿ ಅರ್ಜಿ ಹಿಂದಕ್ಕೆ ಪಡೆದರು. ಆದರೆ ಮನೆಗೆ ಬರುವ ದಾರಿಯಲ್ಲಿ ಎಂದಿಗಿಂತ ಎಷ್ಟೋ ಹೆಚ್ಚು ಸಲ ನಿಂತರೆಂದೂ, ಹೇಳದೆ ಉಳಿದ ವಾದವನ್ನೆಲ್ಲ ಬೇಲಿಗೆ ಗಿಡಕ್ಕೆ ಹೇಳಿ ಮುಗಿಸಿದರೆಂದೂ ನೂರಸಾಬ ಹೇಳುತ್ತಿದ್ದ.

ಈ ಹಟ ಹೊಲದ ಬಾಂದಗಲ್ಲಿಗೆ ಚೆಂದ. ಮನುಷ್ಯರ ಬಾಳಿಗೆ ಬಂದಾಗ ಅದು ಎಂಥ ಕತ್ತಿಯೆಂಬುದು ಅವರಿಗೆ ತಿಳಿದದ್ದು ಅಳವಂಡಿಯ ಬಸವಣ್ಣೆಮ್ಮನ ಮೊಕದ್ದಮೆಯಲ್ಲಿ. ಅದನ್ನು ನೂರಸಾಬ ಬಹುಕಾಲ ಯಾರಿಗೂ ಹೇಳಿರಲಿಲ್ಲ. ಅದರಿಂದ ನೋಯಬೇಕಾದವರೆಲ್ಲ ತೀರಿಹೋದ ಮೇಲೆ, ತನಗೂ ವಯಸ್ಸಾಯಿತು ಎನಿಸಿದಾಗ ನನಗೆ ಹೇಳಿದ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಬಸವಣ್ಣೆಮ್ಮ ಗಂಡನಿಲ್ಲದವಳು, ಗಂಡುಮಕ್ಕಳಿಲ್ಲದವಳು, ತನ್ನ ಎರಿಹೊಲವನ್ನು ತಾನೇ ಮಾಡಿಸುತ್ತಿದ್ದ ಗಟ್ಟಿಗಿತ್ತಿ. ಒಬ್ಬಳೇ ಮಗಳು ಪಂಪಾವತಿಯನ್ನು ತಾವರಗೇರಾದ ದೊಡ್ಡಬಸಪ್ಪನ ಮಗ ಬಾಲಪ್ಪನಿಗೆ ಕೊಟ್ಟಿದ್ದಳು. ಮದುವೆಯಾಗಿ ವರ್ಷಗಳುರುಳಿದರೂ ಹುಡುಗಿಯ ಹೊಟ್ಟೆ ತೆರೆದಿರಲಿಲ್ಲ. ಬೀಗರ ಮನೆಯಲ್ಲಿ ಇನ್ನೊಂದು ಹೆಣ್ಣು ನೋಡುವ ಮಾತು ಅಡುಗೆಮನೆಯಿಂದ ಹೊರಟು ಕಟ್ಟೆಯವರೆಗೆ ಬಂದಿತ್ತು. ಅಂಥದರಲ್ಲಿ ಒಂದು ಚಳಿಗಾಲ ಪಂಪಾವತಿಗೆ ಮುಟ್ಟು ನಿಂತಿತು, ವಾಂತಿ ಶುರುವಾಯಿತು. ಸುದ್ದಿ ಕೇಳಿದ್ದೇ ತಡ, ತಾಯಿ ಕುಪ್ಪಸಕ್ಕೆಂದು ಹಸಿರು ಖಣ ತೆಗೆದುಕೊಂಡು ಬಂಡಿ ಹತ್ತಿದಳು.

ನಮ್ಮ ಕಡೆ ಚೊಚ್ಚಲ ಬಸುರಿಗೆ ಊರೆಲ್ಲ ಕರೆದು ಹೊಸ ಕುಪ್ಪಸ ತೊಡಿಸಿ ಮಾಡುವ ಕುಬಸ ಆಮೇಲಿನದು. ಅದಕ್ಕೆ ಮೊದಲು ತವರಿನವರು ಕದ್ದುಮುಚ್ಚಿ ಒಂದು ಕುಬಸ ತೊಡಿಸಿ, ಉಡಿ ತುಂಬಿ, ಸಿಹಿ ಉಣಿಸಿ ಬರುತ್ತಾರೆ. ಅದಕ್ಕೆ ಕಳ್ಳ ಕುಬಸವೆಂದು ಹೆಸರು. ಕಳ್ಳ ಎಂಬುದು ಹೆಸರಿಗೆ ಮಾತ್ರ, ಮರುದಿನ ಊರ ನಾಯಿಗೂ ಗೊತ್ತಿರುತ್ತದೆ. ಬಸಿರು ನಿಂತದ್ದು ಖಾತ್ರಿಯಾದ ಮೇಲೆ ಮಾಡಬೇಕಾದ ಶಾಸ್ತ್ರವದು. ಬಸವಣ್ಣೆಮ್ಮನಿಗೆ ಅಷ್ಟು ತಾಳ್ಮೆಯಿರಲಿಲ್ಲ. ಬೀಗರ ಬಾಯಿ ಮುಚ್ಚಿಸುವ ಅವಸರ. ನಾಕು ಮಂದಿ ಮುತ್ತೈದೆಯರನ್ನು ಕೂಡಿಸಿ ಕುಬಸ ತೊಡಿಸಿ, ಆರತಿ ಎತ್ತಿಸಿ, ಮಗಳನ್ನು ಆರೈಕೆಗೆಂದು ಅಳವಂಡಿಗೆ ಕರೆತಂದಳು.

ಅಳವಂಡಿಯ ಸೂಲಗಿತ್ತಿ ಹಜರತಬೀ ಬಂದು ಹುಡುಗಿಯ ಹೊಟ್ಟೆ ಮುಟ್ಟಿ ನೋಡಿ, ತಾಯಿಯನ್ನು ಹಿತ್ತಲಿಗೆ ಕರೆದಳು. "ಬಸರಿಲ್ಲ ಬೇ. ಮೈಯಾಗ ರಗತ ಕಡಿಮಿಯಾಗಿ ಮುಟ್ಟು ನಿಂತೈತಿ. ಯಾಕ ಅವಸರ ಮಾಡಿದಿ?" ಅಂದಳು. ಮುಂದಿನ ತಿಂಗಳು ಹೊಟ್ಟೆನೋವು ಬಂತು, ಮುಟ್ಟೂ ಬಂತು. ನೋವಿಗೆಂದು ತಾಯಿ ಅಜವಾನ ಬೆಲ್ಲ ಹಾಕಿ ಕಷಾಯ ಕಾಸಿ ಕುಡಿಸಿದ್ದನ್ನು ನೆರೆಮನೆಯಾಕೆ ಕಂಡಿದ್ದಳು. ಖಾಲಿ ಹೊಟ್ಟೆಗೆ ಕುಬಸ ತೊಡಿಸಿದಳೆಂದು ನಗೆಗೀಡಾಗುವುದನ್ನೂ, ಮಗಳು ಬಂಜೆಯೆಂದು ಖಾಯಮಾಗುವುದನ್ನೂ ನೆನೆದು ಬಸವಣ್ಣೆಮ್ಮ ಬಾಯಿ ತೆಗೆದು ಅತ್ತಳು. ಬಸಿರು ಇಳಿದುಹೋಯಿತೆಂದು ಊರಿಗೂ ಹೇಳಿದಳು, ಮಗಳಿಗೂ ಹೇಳಿದಳು. ಹುಡುಗಿ ನಂಬಿ, ಹೋದ ಕೂಸಿಗಾಗಿ ಗೋಡೆಗೆ ಮುಖ ಮಾಡಿ ಮಲಗಿದಳು.

ಸತ್ತ ಸುದ್ದಿಗೆ ಯಾರೂ ಲೆಕ್ಕ ಕೇಳುವುದಿಲ್ಲವೆಂದು ಬಸವಣ್ಣೆಮ್ಮ ತಿಳಿದಿದ್ದಳು. ಆದರೆ ತಾವರಗೇರಾದಲ್ಲಿ ದೊಡ್ಡಬಸಪ್ಪನ ದುಃಖ ನಾಲ್ಕು ದಿನಕ್ಕೆ ಸಿಟ್ಟಾಗಿ ತಿರುಗಿತು. ಬೀಗತಿಗೆ ಗಂಡು ದಿಕ್ಕಿಲ್ಲ, ಮಗಳನ್ನೂ ಅಳಿಯನನ್ನೂ ಅಳವಂಡಿಯಲ್ಲೇ ಇಟ್ಟುಕೊಂಡು ಹೊಲ ಮಾಡಿಸುವ ಹುನ್ನಾರ ಅವಳದೆಂಬ ಗುಮಾನಿ ಅವನಿಗೆ ಮೊದಲಿನಿಂದಲೂ ಇತ್ತು. ಮೊಮ್ಮಗ ಹುಟ್ಟಿದರೆ ಮಗಳು ತಾವರಗೇರಾದಲ್ಲೇ ಬೇರೂರುವಳೆಂದು ಬೀಗತಿ ಹೆದರಿದಳೆಂಬುದು ಅವನ ಲೆಕ್ಕ. ಕಷಾಯದ ಮಾತು ಕಿವಿಗೆ ಬಿದ್ದದ್ದೇ, ಬೆಂಕಿಗೆ ಎಣ್ಣೆ ಸುರಿದಂತಾಯಿತು. ಕೊಪ್ಪಳದ ಪೊಲೀಸ್ ಅಮೀನನ ಮುಂದೆ ನಿಂತು, "ನನ್ನ ಸೊಸಿ ಆಕಳಂಥಾಕ್ರಿ. ಆಕಿದು ತಪ್ಪಿಲ್ಲ. ಆಕಿ ಅವ್ವ ಗೊತ್ತಾಗಲಾರದಂಗ ಮದ್ದು ಕುಡಿಸಿ ನನ್ನ ಮೊಮ್ಮಗನ್ನ ಹೊಟ್ಯಾಗ ಕೊಂದ್ಲು" ಎಂದು ಫಿರ್ಯಾದಿ ಬರೆಸಿದ. ಸೊಸೆಯನ್ನು ಬಂಡಿ ಕಟ್ಟಿ ಮನೆಗೆ ಕರೆದೊಯ್ದ. ಅತ್ತೆ ಅವಳಿಗೆ ಬಾಣಂತಿಗೆ ಮಾಡುವಂತೆ ಎಣ್ಣೆನೀರು ಹಾಕಿದಳಂತೆ.

ಜಾಮೀನಿನ ಮೇಲೆ ಬಿಡುಗಡೆಯಾದ ಬಸವಣ್ಣೆಮ್ಮ ಹಜರತಬೀಯ ಜೊತೆಗೆ ಈಶಪ್ಪನವರ ಪಡಸಾಲೆಗೆ ಬಂದಳು. ವಕೀಲರು ಮೊದಲು ಕಾನೂನನ್ನು ತಿಳಿಹೇಳಿದರು: ಬಸುರಿಯ ಜೀವ ಉಳಿಸುವುದಕ್ಕಲ್ಲದೆ ಬೇರೆ ಕಾರಣಕ್ಕೆ ಗರ್ಭ ಇಳಿಸಿದರೆ ಅಪರಾಧ, ಅವಳಿಗೆ ತಿಳಿಯದಂತೆ ಮಾಡಿದರೆ ಶಿಕ್ಷೆ ಇನ್ನೂ ಭಾರ, ತಿಳಿದೇ ಕುಡಿದಿದ್ದರೆ ಅವಳೂ ಅಪರಾಧಿ. ಆಗ ಹಜರತಬೀ ನಡುವೆ ಬಾಯಿ ಹಾಕಿ, ಹಿತ್ತಲಿನಲ್ಲಿ ತಾನು ಹೇಳಿದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು.

ಈಶಪ್ಪನವರು ಎದ್ದು ನಿಂತರು. ಪಡಸಾಲೆಯ ಈ ತುದಿಯಿಂದ ಆ ತುದಿಗೆ, ಒಮ್ಮೆಯೂ ನಿಲ್ಲದೆ ನಡೆದರು. ನೂರಸಾಬ ಅಂಥದನ್ನು ಅದೇ ಮೊದಲು ಕಂಡದ್ದು. ಗರ್ಭಪಾತದ ಕಾನೂನಿಗೆ ಗರ್ಭವೇ ಅಡಿಗಲ್ಲು. ಗರ್ಭವೇ ಇರಲಿಲ್ಲವೆಂದರೆ ಕಷಾಯವಾಗಲಿ, ದುರುದ್ದೇಶವಾಗಲಿ, ದೊಡ್ಡಬಸಪ್ಪನ ಸಿಟ್ಟಾಗಲಿ ಯಾವುದೂ ನಿಲ್ಲುವುದಿಲ್ಲ. ಒಬ್ಬಳೇ ಸಾಕ್ಷಿ, ಒಂದೇ ಪ್ರಶ್ನೆ.

"ಯಪ್ಪಾ, ಈ ಮಾತು ಅದಾಲತ್ನ್ಯಾಗ ಆಡಬ್ಯಾಡ್ರಿ" ಅಂದಳು ಬಸವಣ್ಣೆಮ್ಮ.

"ಯಾಕವ್ವಾ? ಖರೇ ಅಲ್ಲೇನು?"

"ಖರೇನ ಐತ್ರಿ. ಅದಕ್ಕ ಬ್ಯಾಡ ಅನ್ನಾಕತ್ತೀನಿ. ಬೀಗರಿಗೆ ನನ್ನ ಮ್ಯಾಲೆ ಸಿಟ್ಟೈತಿ, ನನ್ನ ಮಗಳ ಮ್ಯಾಲಿಲ್ಲ. ಕೂಸು ಕಳಕೊಂಡಾಕಿ ಅಂತ ಕರಕೊಂಡು ಹೋಗ್ಯಾರ, ಛಲೋ ನೋಡಕೊಳ್ಳಾಕತ್ಯಾರ. ಬಸರಽ ಇದ್ದಿಲ್ಲ ಅಂತ ಅದಾಲತ್ನ್ಯಾಗ ಸಾರಿದ್ರ, ಮರದಿನಾನ ಆಕಿನ್ನ ನನ್ನ ಬಾಗಿಲಿಗೆ ತಂದು ಇಳಸ್ತಾರ."

"ಇಲ್ಲಾಂದ್ರ ನೀ ಜೇಲಿಗೆ ಹೋಗ್ತೀಯಲ್ಲವ್ವಾ."

"ಹೋಕ್ಕೀನ್ರಿ. ನಂದು ಬಾಳೇವು ಮುಗದೈತಿ. ಆಕೀದಿನ್ನೂ ಐತಿ."

ವಕೀಲರು ಸುಮ್ಮನಾಗಲಿಲ್ಲ. ಅದುವರೆಗೆ ಯಾವ ಪಕ್ಷಗಾರನನ್ನೂ ಅಷ್ಟು ಹೊತ್ತು ಬೇಡಿಕೊಂಡವರಲ್ಲ. ಕೊನೆಗೆ, "ನಿನ್ನ ಮಗಳು ನೀನಽ ಕೂಸು ಕೊಂದಿ ಅಂತ ತಿಳಕೊಂತಾಳವ್ವಾ, ಅದರ ಖಬರ್ ಐತೇನು?" ಎಂದು ಗದರಿಸಿದರು. ಬಸವಣ್ಣೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ತಿಳಕೊಳ್ಳಲಿ ಬಿಡ್ರಿ" ಅಂದಳು.

ಹಜರತಬೀಗೆ ಸಿಟ್ಟು ಬಂದಿತ್ತು. "ಹುಚ್ಚಿ ಅದಾಳ್ರಿ ಇಕಿ. ನನ್ನ ಕರದ್ರ ಕುರಾನ್ ಮುಟ್ಟಿ ಖರೇನ ಹೇಳತೀನಿ. ಸುಳ್ಳು ಹೇಳು ಅಂದ್ರ ನನ್ನ ಕೈಲೆ ಆಗಂಗಿಲ್ಲ. ಬ್ಯಾಡಾದ್ರ ಕರೀಬ್ಯಾಡ್ರಿ" ಎಂದು ಖಡಾಖಂಡಿತ ಹೇಳಿದಳು.

ಹೀಗೆ ಗೆಲ್ಲುವ ದಾರಿಯನ್ನು ಮುಚ್ಚಿಕೊಂಡು, ಉಳಿದ ಕಾಲುದಾರಿಯನ್ನು ಹಿಡಿದು ವಕೀಲರು ಅದಾಲತ್ತಿಗೆ ಹೋದರು. ಕಳ್ಳ ಕುಬಸಕ್ಕೆ ಕೂಡಿದ ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು, ಕುಬಸ ತೊಡಿಸಿದ್ದು ಖರೆ, ಆದ್ದರಿಂದ ಬಸಿರಿದ್ದದ್ದೂ ಖರೆ ಎಂದು ಸಾಕ್ಷಿ ನುಡಿದರು. ಕುಬಸ ತೊಟ್ಟ ಮಾತ್ರಕ್ಕೆ ಬಸುರಾಗುತ್ತಾರೆಯೇ ಎಂದು ಒಂದು ಸಲ ಕೇಳಿದ್ದರೆ ಕಚೇರಿಯೆಲ್ಲ ನಗುತ್ತಿತ್ತು, ಮೊಕದ್ದಮೆ ಅಲ್ಲಿಗೆ ಕುಸಿಯುತ್ತಿತ್ತು. ಈಶಪ್ಪನವರು ಪ್ರತಿಯೊಬ್ಬಳಿಗೂ ಏನೂ ಕೇಳುವುದಿಲ್ಲವೆಂದು ಕೈಯಾಡಿಸಿದರು. ಪಂಪಾವತಿ ಬಂದು ತಲೆ ತಗ್ಗಿಸಿ, ಅವ್ವ ಕಷಾಯ ಕೊಟ್ಟಳು, ಆಮೇಲೆ ಹೋಯಿತು ಎಂದಷ್ಟೇ ಹೇಳಿದಳು; ತಾಯಿಯ ಕಡೆಗೆ ತಿರುಗಿಯೂ ನೋಡಲಿಲ್ಲ. ವಕೀಲರು ತಮ್ಮ ಸರದಿಯಲ್ಲಿ ಎದ್ದು, ಕಷಾಯ ಅಜವಾನದ್ದು, ನೋವಿಗೆ ಕೊಟ್ಟದ್ದು, ಗರ್ಭ ತಾನಾಗಿ ಜಾರುವುದು ಲೋಕದಲ್ಲಿ ಇದ್ದದ್ದೇ ಎಂದು ವಾದಿಸಿದರು. ವಾದವೇನೋ ಚೆನ್ನಾಗಿತ್ತು. ಇಲ್ಲದ ಗರ್ಭವನ್ನು ಇತ್ತೆಂದು ಒಪ್ಪಿಕೊಂಡು ವಾದಿಸುವಾಗ ಅವರ ಉರ್ದು ಎಂದೂ ಇಲ್ಲದಂತೆ ತಡವರಿಸಿತು.

ಕೇಳಿ ಮುಗಿಸಿದ ನ್ಯಾಯಾಧೀಶರು ಒಂದೇ ಪ್ರಶ್ನೆ ಹಾಕಿದರು: ಹೊಟ್ಟೆ ನೋಡಿದ ಸೂಲಗಿತ್ತಿಯೊಬ್ಬಳು ಇದ್ದಾಳಲ್ಲ, ತಾಯಿ ನಿರಪರಾಧಿಯಾದರೆ ಅವಳನ್ನೇಕೆ ಕರೆಸಲಿಲ್ಲ?

ಹಜರತಬೀ ಹೊರಗೆ ಬೇವಿನ ಮರದ ಕೆಳಗೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ಕಿಟಕಿಯಿಂದ ಅವಳ ಬಿಳಿಯ ಸೆರಗು ಕಾಣುತ್ತಿತ್ತು. ಫಿರ್ಯಾದಿಯ ಕಡೆಯವರು ಅವಳು ತಾಯಿಯ ಪಕ್ಷದವಳೆಂದು ಮುಟ್ಟಿರಲಿಲ್ಲ. ಈಶಪ್ಪನವರು ಕಟಕಟೆಯತ್ತ ತಿರುಗಿದರು. ಬಸವಣ್ಣೆಮ್ಮ ತಲೆಯನ್ನು ಬಲು ಮೆಲ್ಲಗೆ ಅಡ್ಡ ಆಡಿಸಿದಳು. ವಕೀಲರು ನ್ಯಾಯಾಧೀಶರ ಕಡೆ ತಿರುಗಿ, ಆ ಸಾಕ್ಷಿಯನ್ನು ಕರೆಸುವ ಇರಾದೆ ತಮಗಿಲ್ಲವೆಂದು ಹೇಳಿ ಕೂತರು. ಕರೆಸದ ಸಾಕ್ಷಿಯೇ ತಾಯಿಗೆ ಮುಳುವಾಯಿತು. ವಯಸ್ಸು ನೋಡಿ ದಯೆ ತೋರಿದ್ದೇವೆಂದು ಹೇಳಿ, ನ್ಯಾಯಾಧೀಶರು ಒಂದೂವರೆ ವರ್ಷದ ಸಜೆ ವಿಧಿಸಿದರು. ಹಣೆಬರಹದ ಲೀಲೆಯನ್ನು ಏನೆನ್ನುವುದು! ಹುಟ್ಟಲಿಕ್ಕೇ ಹೊರಡದ ಕೂಸಿನ ಸಲುವಾಗಿ ಒಬ್ಬ ಮುದುಕಿ ಕಲಬುರ್ಗಿಯ ಜೇಲಿಗೆ ಹೋದಳು.

ಊರಿನವರು ವಕೀಲರನ್ನು ಬಿಡಲಿಲ್ಲ. ಬೇವಿನ ಮರದ ಕೆಳಗೆ ಸಾಕ್ಷಿ ಕೂಡಿಸಿ ಮರೆತುಬಂದ ಭೂಪನೆಂದು ಆಡಿಕೊಂಡರು. ಕೆಲವು ಪಕ್ಷಗಾರರು ದಾರಿ ಬದಲಿಸಿದರು. ಹೆಂಡತಿ ಶಂಕ್ರಮ್ಮ ಕೂಡ, "ಒಂದು ಪ್ರಶ್ನಿ ಕೇಳಾಕ ನಿಮಗೇನು ಬ್ಯಾನಿ ಬಂದಿತ್ತು?" ಎಂದು ತಿವಿದಳು. ಅವರು ಯಾರಿಗೂ ಸಮಜಾಯಿಷಿ ಹೇಳಲಿಲ್ಲ. ಆದರೆ ನಿಶ್ಚಿಂತೆಯಿಂದ ಇದ್ದರೆಂದೂ ಹೇಳುವಂತಿಲ್ಲ. ತಾವು ಮಾಡಿದ್ದು ವಕೀಲಿಕೆಯೋ, ಒಂದು ಸುಳ್ಳಿಗೆ ಬಾಗಿಲು ಕಾಯ್ದದ್ದೋ ಎಂದು ನೂರಸಾಬನನ್ನು ಆಗಾಗ ಕೇಳುವರು. ಅವನು ಏನು ಹೇಳಿದರೂ ಒಪ್ಪುತ್ತಿರಲಿಲ್ಲ.

ಸಜೆ ಮುಗಿಸಿ ಬಂದ ಬಸವಣ್ಣೆಮ್ಮ ಕೆಲವು ವರ್ಷ ಬದುಕಿದ್ದಳು. ಮಗಳು ತವರಿನ ಹೊಸ್ತಿಲು ತುಳಿಯಲಿಲ್ಲ. ತಾವರಗೇರಾದಲ್ಲಿ ಪಂಪಾವತಿಗೆ ಮಕ್ಕಳೇನೂ ಆಗಲಿಲ್ಲ, ಬಾಲಪ್ಪ ಎರಡನೆಯವಳನ್ನು ತಂದ. ಆದರೂ ಹಿರಿಯ ಸೊಸೆಯ ಮರ್ಯಾದೆಗೆ ಊನವಾಗಲಿಲ್ಲ. ಸವತಿಯ ಕೂಸುಗಳ ತೊಟ್ಟಿಲಿಗೆ ಮೊದಲ ಕೈ ಅವಳದೇ, ಕುಬಸದ ಆರತಿಗೆ ಓಣಿಯವರು ಅವಳನ್ನೇ ಕರೆಯುವರು. ಬಂಜೆಯನ್ನು ಆರತಿಗೆ ಕರೆಯುವುದಿಲ್ಲ. ಅವಳು ಒಮ್ಮೆ ಹೊಟ್ಟೆ ತೆರೆದವಳು, ಪಾಪ, ಹೆತ್ತ ತಾಯಿಯೇ ಕೆಡಿಸಿದಳು. ಬಸವಣ್ಣೆಮ್ಮ ಕೊಟ್ಟ ಬೆಲೆಗೆ ಸಿಕ್ಕ ಸರಕು ಅದು.

ರಜಾಕಾರರ ಗದ್ದಲ ಶುರುವಾಗುವ ಹಿಂದಿನ ವರ್ಷ ಬಸವಣ್ಣೆಮ್ಮ ತೀರಿಕೊಂಡಳು. ಮಣ್ಣಿಗೆ ಬಂದ ಪಂಪಾವತಿ ತಾವರಗೇರಾಕ್ಕೆ ಮರಳುವ ಮುನ್ನ ಕೊಪ್ಪಳಕ್ಕೆ ಬಂದು ವಕೀಲರ ಪಡಸಾಲೆಯಲ್ಲಿ ಕೂತಳು. ಆ ಹೊತ್ತಿಗೆ ಈಶಪ್ಪನವರಿಗೆ ಕಣ್ಣು ಮಂಜಾಗಿತ್ತು. ನೂರಸಾಬ ಯಾರೆಂದು ಹೇಳಿದ.

"ಒಂದು ಮಾತು ಕೇಳಾಕ ಬಂದೀನ್ರಿ" ಅಂದಳು. "ಜೀವಂತ ಇದ್ದಾಗ ಆಕಿನ್ನ ಕೇಳಲಿಲ್ಲ. ನಮ್ಮವ್ವ ಅದನ್ನ ಮಾಡಿದ್ಲೇನ್ರಿ?"

ಈಗ ಮೊಕದ್ದಮೆ ಯಾರದು? ಪಕ್ಷಗಾರ್ತಿ ಮಣ್ಣಾಗಿದ್ದಳು. ಎದುರಿಗೆ ಕೂತವಳಿಗೆ ನಿಜವನ್ನು ಹೇಳಿದರೆ ಸತ್ತ ತಾಯಿ ಮರಳಿ ಸಿಗುತ್ತಾಳೆ, ಆದರೆ ಕಳೆದುಹೋದ ಕೂಸು ಇನ್ನೊಮ್ಮೆ ಹೋಗುತ್ತದೆ. ಆರತಿಯ ತಟ್ಟೆ ಹಿಡಿದಾಗಲೆಲ್ಲ ತಾನು ಕಳ್ಳಿಯೆಂದು ಅವಳಿಗೆ ಅನಿಸುತ್ತದೆ. ವಕೀಲರು ದಾರಿಯಲ್ಲಿ ನಿಂತಾಗಿನಂತೆ ತಲೆಯನ್ನು ಎಡಕ್ಕೆ ವಾಲಿಸಿದರೆಂದು ನೂರಸಾಬ ಹೇಳಿದ.

"ಇಲ್ಲವ್ವಾ, ಮಾಡಿಲ್ಲ. ಅದು ಬರೇ ಅಜವಾನದ ಕಷಾಯ. ಶಿವನಾಣಿ ಮಾಡಿ ಹೇಳತೀನಿ."

"ಮತ್ತ ಹೆಂಗ ಹೋತ್ರಿ ಕೂಸು?"

ಮೂವತ್ತು ವರ್ಷ ವಕೀಲಿಕೆ ಮಾಡಿಯೂ ಪಕ್ಷಗಾರರ ಮಾತನ್ನು ಬಿಟ್ಟರೆ ತಮ್ಮದಾಗಿ ಒಂದು ಸುಳ್ಳೂ ಆಡದವರು, ಅಂದು ಆಡಿದರು. "ಅದಕ್ಕ ಆಯುಷ್ಯ ಇದ್ದಿಲ್ಲವ್ವಾ. ನಿಂದೂ ತಪ್ಪಿಲ್ಲ, ಆಕೀದೂ ತಪ್ಪಿಲ್ಲ."

ಪಂಪಾವತಿ ಸೆರಗು ಬಾಯಿಗೆ ಒತ್ತಿಕೊಂಡು, ಹನ್ನೆರಡು ಹಳ್ಳಿಗೆ ಕೇಳುವಂತೆ ಅಳಬೇಕಾದದ್ದನ್ನು ಸದ್ದಿಲ್ಲದೆ ಅತ್ತಳು. ತಾಯಿಯ ಹೆಣದ ಮುಂದೆ ಅವಳು ಅತ್ತಿರಲಿಲ್ಲವೆಂದು ಅಳವಂಡಿಯವರು ಆಮೇಲೆ ಹೇಳಿದರು.

ಗೆದ್ದ ವಕೀಲರ ಹೆಸರನ್ನು ಊರು ನೆನಪಿಟ್ಟುಕೊಳ್ಳುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಇನ್ನೊಂದು ಜಾತಿಯ ಮನುಷ್ಯರಿದ್ದಾರೆ. ಪರರ ಮಾನವನ್ನು ತಮ್ಮ ಸೋಲಿನಲ್ಲಿ ಸುತ್ತಿ ಬಚ್ಚಿಟ್ಟು, ದಡ್ಡರೆನ್ನಿಸಿಕೊಂಡು, ತಾವು ಮಾಡಿದ್ದು ಸರಿಯೋ ತಪ್ಪೋ ಎಂಬುದನ್ನು ಕಡೆಯವರೆಗೂ ತಿಳಿಯದೆ ಸಾಯುತ್ತಾರೆ. ಅವರಿಂದ ಯಾವುದೋ ಮನೆಯಲ್ಲಿ ಒಬ್ಬ ಹೆಣ್ಣುಮಗಳು ತಲೆಯೆತ್ತಿ ಬಾಳುತ್ತಿರುತ್ತಾಳೆ. ಯಾರ ಪುಣ್ಯದಿಂದ ಎಂಬುದು ಅವಳಿಗೂ ಗೊತ್ತಿರುವುದಿಲ್ಲ.